ಸ್ಕಿನ್ನರ್ ಅವರ ಕಲಿಕಾ ಸಿದ್ಧಾಂತವನ್ನು ಕ್ರೈಸ್ತ ವಿಶ್ವಾಸಿಯು ಒಪ್ಪಬಹುದೇ?

ಬಿ.ಎಡ್. ತರಗತಿಯಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಅವರ ಸಿದ್ಧಾಂತವನ್ನು ಓದಿದ ನೀವು, ಕಲಿಕೆಯೆಂಬುದು ಪುನರ್ಬಲನದಿಂದ, ಅಂದರೆ ಕ್ರಿಯೆಗೆ ದೊರೆಯುವ ಫಲ ಅದನ್ನು ಬಲಪಡಿಸುವುದರಿಂದ, ರೂಪುಗೊಳ್ಳುವ ವರ್ತನೆ ಮಾತ್ರವಾದರೆ, ಮನುಷ್ಯನು ದೇವರ ಸ್ವರೂಪದಲ್ಲಿ ಸೃಷ್ಟಿಯಾದವನೆಂಬ ನಂಬಿಕೆಗೆ ಎಲ್ಲಿ ಸ್ಥಳವೆಂದು ಕೇಳಿದ್ದೀರಿ. ಹಲವು ವರ್ಷ ಸಂಡೇ ಸ್ಕೂಲಿನಲ್ಲಿ ಕಲಿಸಿದ ನನ್ನನ್ನೂ ಈ ಪ್ರಶ್ನೆ ಬಹುಕಾಲ ಕಾಡಿದೆ.

ಸ್ಕಿನ್ನರ್ ಕಂಡದ್ದನ್ನೂ ಅದರಿಂದ ಅವರು ತೆಗೆದ ತೀರ್ಮಾನವನ್ನೂ ಬೇರೆಬೇರೆಯಾಗಿ ತೂಗಬೇಕು. ಫಲ ದೊರೆತ ಕ್ರಿಯೆ ಮರುಕಳಿಸುತ್ತದೆ ಎಂಬುದು ಇಲಿ, ಪಾರಿವಾಳಗಳ ಪ್ರಯೋಗಗಳಲ್ಲಿ ಸ್ಪಷ್ಟವಾಗಿ ಕಂಡ ಸಂಗತಿ; ಅದನ್ನು ಅಲ್ಲಗಳೆಯುವ ಅಗತ್ಯ ವಿಶ್ವಾಸಿಗಿಲ್ಲ. ದಂಡನೆಯಿಂದ ಕಲಿಸುವುದನ್ನು ಅವರು ವಿರೋಧಿಸಿದ್ದನ್ನಂತೂ, ಬೆತ್ತವನ್ನು ನಂಬಿಕೊಂಡು ಬಂದ ನಾವು ಕೃತಜ್ಞತೆಯಿಂದ ಕೇಳಿಸಿಕೊಳ್ಳಬೇಕು. ಆದರೆ ಸ್ವತಂತ್ರವಾಗಿ ಆರಿಸಿಕೊಳ್ಳುವ ಒಳಗಿನ ಮನುಷ್ಯನೇ ಇಲ್ಲವೆಂದು 1971ರಲ್ಲಿ ಅವರು ವಾದಿಸಿದ್ದು ಪ್ರಯೋಗದ ಫಲಿತಾಂಶವಲ್ಲ, ಒಂದು ತತ್ತ್ವಜ್ಞಾನ.

ಆ ತತ್ತ್ವವನ್ನು ಪ್ರಶ್ನಿಸಲು ಬೈಬಲ್ಲನ್ನೇ ತೆರೆಯಬೇಕೆಂದಿಲ್ಲ. 1930ರಲ್ಲಿ ಟೋಲ್ಮನ್ ಮತ್ತು ಹಾನ್ಜಿಕ್ ಎಂಬ ಮನಶ್ಶಾಸ್ತ್ರಜ್ಞರು ಇಲಿಗಳ ಒಂದು ಗುಂಪನ್ನು ಹತ್ತು ದಿನ ಯಾವ ಆಹಾರವನ್ನೂ ಇಡದ ಜಟಿಲ ಹಾದಿಯಲ್ಲಿ ಬಿಟ್ಟು, ಹನ್ನೊಂದನೆಯ ದಿನ ಆಹಾರವಿಟ್ಟರು. ಆ ಇಲಿಗಳು ಮೊದಲಿನಿಂದಲೂ ಆಹಾರ ಪಡೆಯುತ್ತಿದ್ದವುಗಳ ಮಟ್ಟವನ್ನು ಬೇಗನೆ ಮುಟ್ಟಿದವು. ಬಹುಮಾನವಿಲ್ಲದೆಯೂ ಅವು ಹಾದಿಯನ್ನು ಅರಿತಿದ್ದವು, ತೋರಿಸಿರಲಿಲ್ಲ ಅಷ್ಟೇ. ಇಲಿಯ ವಿಷಯದಲ್ಲಿಯೇ ಹೀಗಿರುವಾಗ, ಮಗುವಿನ ಮನಸ್ಸನ್ನು ವರ್ತನೆಯಿಂದ ಮಾತ್ರ ಅಳೆಯಲಾದೀತೇ?

ನನ್ನ ತರಗತಿಯಲ್ಲಿ ಬೈಬಲ್ ವಾಕ್ಯ ಬಾಯಿಪಾಠ ಮಾಡಿದ ಮಕ್ಕಳಿಗೆ ಪೆನ್ಸಿಲ್ ಬಹುಮಾನ ಕೊಡುತ್ತಿದ್ದೆ. ಬಹುಮಾನ ನಿಂತ ಕೆಲವೇ ವಾರಗಳಲ್ಲಿ ಬಾಯಿಪಾಠವೂ ನಿಂತಿತು. ತಪ್ಪು ಮಕ್ಕಳದಾಗಿರಲಿಲ್ಲ, ದೇವರ ಮಾತನ್ನು ಪೆನ್ಸಿಲಿನ ಬೆಲೆಯಾಗಿ ಮಾಡಿದವನು ನಾನು. ಆಗ ಲೂಕನ ಸುವಾರ್ತೆಯ 10ನೆಯ ಅಧ್ಯಾಯವನ್ನು ಶಿಕ್ಷಕನ ಕಣ್ಣಿನಿಂದ ಓದಿದೆ. ನನ್ನ ನೆರೆಯವನು ಯಾರೆಂದು ಕೇಳಿದ ಧರ್ಮೋಪದೇಶಕನಿಗೆ ಯೇಸು ಸ್ವಾಮಿ ವ್ಯಾಖ್ಯೆಯನ್ನು ಕೊಡುವುದಿಲ್ಲ. ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಇಬ್ಬರು ನೋಡಿಯೂ ದಾಟಿಹೋದಾಗ ನಿಂತು ಉಪಚರಿಸಿದ ಸಮಾರ್ಯದವನ ಕಥೆಯನ್ನು ಹೇಳಿ, ಗಾಯಪಟ್ಟವನಿಗೆ ಈ ಮೂವರಲ್ಲಿ ನೆರೆಯವನಾದವನು ಯಾರೆಂದು ಅವನನ್ನೇ ಕೇಳುತ್ತಾರೆ. ಉತ್ತರ ಅವನ ಬಾಯಿಂದಲೇ ಬರುತ್ತದೆ, ಅದಕ್ಕೆ ಬಹುಮಾನವಿಲ್ಲ, ಹಾಗೆಯೇ ಮಾಡು ಎಂಬ ಅಪ್ಪಣೆಯಿದೆ. ಎದುರಿಗಿರುವವನು ತಾನೇ ಯೋಚಿಸಿ ಸತ್ಯವನ್ನು ಗುರುತಿಸಬಲ್ಲನೆಂಬ ಗೌರವ ಈ ಬೋಧನೆಯಲ್ಲಿದೆ. ದೇವರ ಸ್ವರೂಪವೆಂಬ ಮಾತಿಗೆ ತರಗತಿಯಲ್ಲಿ ನಾನು ಕಂಡುಕೊಂಡ ಅರ್ಥ ಇದೇ.

ಅಕ್ಷರ ಕಲಿಯುತ್ತಿರುವ ಚಿಕ್ಕವರಿಗೆ ನಾನು ಈಗಲೂ ಹೊಗಳಿಕೆಯನ್ನೂ ನಕ್ಷತ್ರದ ಗುರುತನ್ನೂ ಧಾರಾಳವಾಗಿ ಕೊಡುತ್ತೇನೆ. ದೊಡ್ಡವರಿಗೆ ಮಾತ್ರ ಕಥೆ ಹೇಳಿ, ಪ್ರಶ್ನೆ ಕೇಳಿ, ಅವರು ಮಾತನಾಡುವವರೆಗೆ ಕಾಯುತ್ತೇನೆ.