ಗೆರೆಯ ಮುಂದೆ ಮಂಡಿಯೂರಿದ ಹುಡುಗ: ಒಂದು ಆಪ್ತಸಲಹೆ ಪ್ರಕರಣ

ಅಮೆರಿಕದ ಓಹಾಯೊ ರಾಜ್ಯದಲ್ಲಿ ನೆಲೆಸಿರುವ ಕನ್ನಡ ಕುಟುಂಬವೊಂದರ ತಾಯಿ ನನ್ನನ್ನು ಸಂಪರ್ಕಿಸಿದ್ದು ಮಗ ಮನೆಯಲ್ಲಿ ಮಾತು ಬಿಟ್ಟಿದ್ದಾನೆ ಎಂಬ ದೂರಿನೊಂದಿಗೆ. ಹುಡುಗನಿಗೆ ಹದಿನಾರು ವರ್ಷ, ಹನ್ನೊಂದನೆಯ ತರಗತಿ. ಶಾಲೆಯ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ರನ್ನಿಂಗ್ ಬ್ಯಾಕ್, ಅಂದರೆ ಚೆಂಡನ್ನು ಬಗಲಿಗೊತ್ತಿಕೊಂಡು ಎದುರಾಳಿಗಳ ನಡುವೆ ನುಗ್ಗುವವನು. ಆದರೆ ಆ ಸ್ಥಾನಕ್ಕೆ ಅವನಿಗಿಂತ ಮುಂದೆ ಇನ್ನಿಬ್ಬರಿದ್ದಾರೆ. ಒಂದು ಶುಕ್ರವಾರದ ಪಂದ್ಯದ ನಂತರ ಅವನು ತಂದೆಯ ಜೊತೆ ಊಟಕ್ಕೆ ಕೂರುವುದನ್ನು ಬಿಟ್ಟ. ಮರುವಾರ ತಂಡವನ್ನೇ ಬಿಡುತ್ತೇನೆ ಎಂದ. ಕುಟುಂಬದ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗದಿರಲೆಂದು ಕೆಲವು ವಿವರಗಳನ್ನೂ ಆ ಪಂದ್ಯದ ಅಂಕಗಳನ್ನೂ ಬದಲಿಸಿದ್ದೇನೆ.

ಈ ಆಟ ಆಡುವ ಮಗು ಇದ್ದಕ್ಕಿದ್ದಂತೆ ಮಂಕಾದರೆ ಮನಸ್ಸಿನ ಮಾತಿಗೆ ಹೋಗುವ ಮೊದಲು ತಲೆಯ ಪೆಟ್ಟನ್ನು ವಿಚಾರಿಸಬೇಕು. ತಲೆನೋವು, ಬೆಳಕು ಕಂಡರೆ ಕಿರಿಕಿರಿ, ಓದಿದ್ದು ತಲೆಗೆ ಹತ್ತದಿರುವುದು, ಕಾರಣವಿಲ್ಲದ ಸಿಡುಕು ಇವೆಲ್ಲ ಮಿದುಳಿಗಾದ ಅಲುಗಾಟದ ಲಕ್ಷಣಗಳಾಗಿರಬಹುದು. ಅಲ್ಲಿನ ವೈದ್ಯರಿಗೆ ತೋರಿಸಿಕೊಂಡು ಬರಲು ಹೇಳಿದೆ. ಏನೂ ಇರಲಿಲ್ಲ. ನಿದ್ರೆ, ಹಸಿವು, ಬದುಕಿನ ಬಗೆಗಿನ ಬೇಸರ ಎಲ್ಲವನ್ನೂ ನೇರವಾಗಿಯೇ ಕೇಳಿದೆ. ಆತಂಕ ಪಡುವಂಥದ್ದು ಕಾಣಲಿಲ್ಲ. ಶಾಲೆಯ ಆಪ್ತಸಲಹೆಗಾರರಿಗೂ ವಿಷಯ ತಿಳಿಸಿದ ಮೇಲೆ ಹುಡುಗನೊಂದಿಗೆ ವಿಡಿಯೊದಲ್ಲಿ ಮಾತಿಗೆ ಕೂತೆ.

ನಡೆದದ್ದನ್ನು ಹೇಳುವ ಮೊದಲು ಒಂದು ನಿಯಮವನ್ನು ವಿವರಿಸಲೇಬೇಕು. ಓಹಾಯೊದ ಹೈಸ್ಕೂಲ್ ಪಂದ್ಯಗಳಲ್ಲಿ ದ್ವಿತೀಯಾರ್ಧದ ಹೊತ್ತಿಗೆ ಅಂತರ 30 ಅಂಕ ಮುಟ್ಟಿತೆಂದರೆ ಗಡಿಯಾರ ಓಡುತ್ತಲೇ ಇರುತ್ತದೆ. ಮಾಮೂಲಿನಂತೆ ಎಸೆದ ಚೆಂಡು ನೆಲಕ್ಕೆ ಬಿದ್ದಾಗ, ಆಟಗಾರ ಮೈದಾನದ ಅಂಚಿನ ಗೆರೆಯಾಚೆ ಹೋದಾಗ ಅದು ನಿಲ್ಲುವುದಿಲ್ಲ. ಟೈಮ್ ಔಟ್, ಗಾಯ, ಅಂಕ ಗಳಿಕೆಯಂಥ ಕೆಲವೇ ಸಂದರ್ಭಗಳಲ್ಲಿ ನಿಲ್ಲುತ್ತದೆ. ಮಿಷಿಗನ್, ಪೆನ್ಸಿಲ್ವೇನಿಯಾಗಳಲ್ಲಿ ಈ ಅಂತರ 35, ಇಲಿನಾಯ್‌ನಲ್ಲಿ 40. ಟೆಕ್ಸಸ್‌ನ ಪುಟ್ಟ ಊರುಗಳಲ್ಲಿ ತಂಡಕ್ಕೆ ಆರೇ ಜನರಂತೆ ಆಡುವ ಆಟದಲ್ಲಂತೂ ಅರ್ಧ ಪಂದ್ಯದ ಹೊತ್ತಿಗೆ ಅಥವಾ ಆಮೇಲೆ ಅಂತರ 45 ಆದರೆ ಪಂದ್ಯವೇ ಮುಗಿಯಿತು. ಜನ ಇದನ್ನು ಕರುಣೆಯ ನಿಯಮ ಎನ್ನುತ್ತಾರೆ. ಸೋಲುವವರ ಮಾನ ಉಳಿಸುವುದರ ಜೊತೆಗೆ, ದಣಿದು ಸುಸ್ತಾದ ಮಕ್ಕಳು ತಮಗಿಂತ ದಾಂಡಿಗರಾದವರಿಗೆ ಡಿಕ್ಕಿ ಹೊಡೆಯುವ ಹೊತ್ತನ್ನು ಕಡಿಮೆ ಮಾಡುತ್ತದೆ. ಒಳ್ಳೆಯ ನಿಯಮವೇ.

ಆದರೆ ಗೆಲ್ಲುವ ತಂಡದ ಬೆಂಚಿನಿಂದ ನೋಡಿ. ಪಂದ್ಯದ ಕಾಲು ಭಾಗ, ಅಂದರೆ ಕ್ವಾರ್ಟರ್ ಒಂದಕ್ಕೆ 12 ನಿಮಿಷ. ಒಂದು ಆಟ, ಅಂದರೆ ಚೆಂಡು ಕೈಗೆ ಬಂದಲ್ಲಿಂದ ಅದನ್ನು ತಡೆಯುವವರೆಗಿನ ಒಂದು ಸುತ್ತು, ಮುಗಿದು ಇನ್ನೊಂದು ಶುರುವಾಗಲು 40 ಸೆಕೆಂಡಿನವರೆಗೆ ಅವಕಾಶ. ಗಡಿಯಾರ ನಿಲ್ಲದೆ ಓಡುವಾಗ ಎರಡೂ ತಂಡಗಳಿಗೆ ಸೇರಿ ಹದಿನಾರು ಹದಿನೇಳು ಆಟ ಸಿಕ್ಕರೆ ಹೆಚ್ಚು. ಮೂರನೆಯ ಸಾಲಿನ ಹುಡುಗ ಮೈದಾನಕ್ಕೆ ಇಳಿಯುವುದು ತನ್ನ ತಂಡ ಭಾರಿ ಅಂತರದಿಂದ ಮುಂದಿರುವಾಗ ಮಾತ್ರ. ಗಡಿಯಾರ ನಿಲ್ಲದೆ ಓಡತೊಡಗುವುದೂ ಆಗಲೇ. ಇವನು ಬೇಸಿಗೆಯ ಉರಿಯಿಂದ ಹಿಡಿದು ವಾರವಿಡೀ ಅಭ್ಯಾಸ ಮಾಡಿ ಪಡೆಯುತ್ತಿದ್ದುದು ಮೂರೋ ನಾಲ್ಕೋ ಓಟ.

ಆ ಶುಕ್ರವಾರ ನಾಲ್ಕನೆಯ ಕ್ವಾರ್ಟರ್, 49–0. ಚೆಂಡು ಇವನ ಕೈಗೆ ಬಂತು. ಎಡಗಡೆ ಸಂದು ತೆರೆಯಿತು, ನುಗ್ಗಿದ, ಮುಂದೆ ಯಾರೂ ಇಲ್ಲ. ಅವನು ಹೈಸ್ಕೂಲ್ ಪಂದ್ಯದಲ್ಲಿ ಒಂದು ಸಲವೂ ಟಚ್‌ಡೌನ್ ಮಾಡಿರಲಿಲ್ಲ, ಅಂದರೆ ಚೆಂಡನ್ನು ಎದುರಾಳಿಯ ತುದಿಯ ಗೆರೆ ದಾಟಿಸಿ ಅಂಕ ಗಳಿಸಿರಲಿಲ್ಲ. ಅಂಚಿನಲ್ಲಿ ನಿಂತಿದ್ದ ಸಹಾಯಕ ತರಬೇತುದಾರರು, ಸೋತವರ ಮೇಲೆ ಇನ್ನಷ್ಟು ಅಂಕ ಬೇಡವೆಂದು, ‘ಕೂರು, ಕೂರು’ ಎಂದು ಕೂಗಿದರು. ಗೆರೆಗೆ ಒಂದು ಗಜ ಇರುವಾಗ ಹುಡುಗ ಮಂಡಿಯೂರಿದ. ಮಂಡಿ ನೆಲಕ್ಕೆ ತಾಗಿದರೆ ಅಲ್ಲಿಗೆ ಆ ಆಟ ಮುಗಿದಂತೆ. ಏದುಸಿರು ಬಿಡುತ್ತ ಹಿಂದೆ ಓಡಿ ಬಂದ ಎದುರಾಳಿಯೊಬ್ಬ ಇವನ ಹೆಲ್ಮೆಟ್ ತಟ್ಟಿ ಹೋದ. ಮಿಕ್ಕ ಹೊತ್ತನ್ನು ತಂಡ ಚೆಂಡು ಹಿಡಿದು ಕೂತೇ ಕಳೆಯಿತು. ಶಿವಮೊಗ್ಗದಲ್ಲಿ ಬೆಳಗಿನ ಜಾವ ನಾಲ್ಕೂವರೆಗೇ ಎದ್ದು ಮೊಬೈಲಿನಲ್ಲಿ ನೇರಪ್ರಸಾರ ನೋಡುತ್ತಿದ್ದ ಅಜ್ಜ, ಮೊಮ್ಮಗನ ಕಾಲು ಉಳುಕಿತೆಂದು ಗಾಬರಿಯಾಗಿ ಕೂಡಲೇ ಫೋನ್ ಮಾಡಿದರು.

ಕಾರಿನಲ್ಲಿ ತಂದೆ ಹೇಳಿದ್ದು ಒಂದೇ ಮಾತು: ‘ಕೈಗೆ ಬಂದ ತುತ್ತನ್ನು ನೀನೇ ಚೆಲ್ಲಿದೆ.’ ಸೋಮವಾರ ಮುಖ್ಯ ತರಬೇತುದಾರರು ಇಡೀ ತಂಡದ ಮುಂದೆ ಇವನನ್ನು ನಿಲ್ಲಿಸಿ, ಕ್ರೀಡಾಮನೋಭಾವ ಎಂದರೆ ಇದು ಎಂದು ಚಪ್ಪಾಳೆ ಹೊಡೆಸಿದರು. ತಂದೆಯ ಮಾತೇ ನೋವಿನ ಮೂಲ ಎಂದು ತಾಯಿ ನಂಬಿದ್ದರು. ಹುಡುಗ ಹೇಳಿದ್ದು ಬೇರೆ: ‘ಬೈದದ್ದಕ್ಕಿಂತ ಚಪ್ಪಾಳೆಯೇ ಹೆಚ್ಚು ಸಿಟ್ಟು ತರಿಸಿತು. ಮೊದಲ ಏಳು ಟಚ್‌ಡೌನ್ ಹೊಡೆದವರಿಗೆ ಯಾರೂ ಕೂರು ಎನ್ನಲಿಲ್ಲ.’

ಈ ಪ್ರಕರಣದ ತಿರುಳೆಲ್ಲ ಆ ಮಾತಿನಲ್ಲಿದೆ. ಕರುಣೆಯ ಖರ್ಚನ್ನು ಯಾರೋ ಕೊಡಬೇಕಲ್ಲ. ಆ ರಾತ್ರಿ ಅದನ್ನು ತೆತ್ತವನು ತಂಡದಲ್ಲಿ ಎಲ್ಲರಿಗಿಂತ ಬರಿಗೈಯವನು. ತೆತ್ತದ್ದು ಸರಿ ಎಂದು ಅವನಿಗೇ ಗೊತ್ತಿತ್ತು. ಮತ್ತೆ ಅದೇ ಸಂದರ್ಭ ಬಂದರೆ ಏನು ಮಾಡುತ್ತೀಯ ಎಂದಾಗ ‘ಕೂರುತ್ತೇನೆ’ ಎಂದ, ತಡವರಿಸದೆ. ಅವನಿಗೆ ಬೇಕಿದ್ದುದು ತಾನು ಏನನ್ನೋ ಕಳೆದುಕೊಂಡೆ ಎಂಬುದನ್ನು ಒಬ್ಬ ಹಿರಿಯರಾದರೂ ಒಪ್ಪಿಕೊಳ್ಳುವುದು. ತಂದೆ ನಷ್ಟವನ್ನು ಕಂಡರು, ಒಳ್ಳೆಯತನವನ್ನು ಕಾಣಲಿಲ್ಲ. ತರಬೇತುದಾರರು ಒಳ್ಳೆಯತನವನ್ನು ಕಂಡರು, ನಷ್ಟದ ಕಡೆ ನೋಡಲಿಲ್ಲ.

ತಂದೆಯೊಂದಿಗಿನ ಮಾತು ಸುಲಭವಾಗಿರಲಿಲ್ಲ. ವಾದಕ್ಕೆ ಅಂಕಿ ಅಂಶಗಳನ್ನು ಹಿಡಿದೇ ಬಂದಿದ್ದರು. 2021ರ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಇಂಗಲ್‌ವುಡ್ ಹೈಸ್ಕೂಲ್ ತಂಡ ಮಾರ್ನಿಂಗ್‌ಸೈಡ್ ತಂಡವನ್ನು 106–0 ಅಂತರದಿಂದ ಸೋಲಿಸಿತು, ಒಬ್ಬನೇ ಹುಡುಗ 13 ಟಚ್‌ಡೌನ್ ಪಾಸ್ ಎಸೆದ, ಅವನನ್ನು ಯಾರು ತಡೆದರು ಎಂದು ಕೇಳಿದರು. ಅಂಕ 104 ಆಗಿದ್ದಾಗಲೂ ಇನ್ನೆರಡಕ್ಕೆ ಕೈಹಾಕಿದ ಆ ತಂಡದ ಪರವಾಗಿ ಶಾಲೆ ಬಹಿರಂಗವಾಗಿ ಕ್ಷಮೆ ಕೇಳಬೇಕಾಯಿತು ಎಂಬುದನ್ನು ನಾನು ನೆನಪಿಸಿದೆ. ಹಾಗೆಂದು ಸಂಯಮ ತೋರಿದವರಿಗೆ ಶಾಂತಿ ಸಿಕ್ಕಿತು ಎನ್ನುವಂತೆಯೂ ಇಲ್ಲ. 2013ರಲ್ಲಿ ಟೆಕ್ಸಸ್‌ನ ಅಲೀಡೊ ತಂಡ ಮುಖ್ಯ ಆಟಗಾರರನ್ನು ಬೇಗನೆ ಹೊರಗೆ ಕರೆಸಿಕೊಂಡರೂ 91–0 ಅಂತರದಿಂದ ಗೆದ್ದುಬಿಟ್ಟಿತು. ಎದುರಾಳಿ ತಂಡದ ಪೋಷಕರೊಬ್ಬರು ತರಬೇತುದಾರರ ಮೇಲೆ ಮಕ್ಕಳನ್ನು ಪೀಡಿಸಿದ ದೂರು ಕೊಟ್ಟರು. ತನಿಖೆಯಲ್ಲಿ ದೂರು ನಿಲ್ಲಲಿಲ್ಲ. ಅಂಕಫಲಕದ ಮೇಲಿನ ದೊಡ್ಡವರ ಜಗಳ ಹೇಗೂ ನಡೆಯುತ್ತದೆ, ನಿಮ್ಮ ಮಗ ಅದರಲ್ಲಿ ಎಲ್ಲಿದ್ದಾನೆ ಎಂದು ಕೇಳಿದೆ. ಉತ್ತರ ಬರಲಿಲ್ಲ.

ಅವರು ರಾಹುಲ್ ದ್ರಾವಿಡ್ ಎಂದರೆ ಎದ್ದು ನಿಲ್ಲುವವರು. ಹಾಗಾಗಿ ಮುಲ್ತಾನ್ ಎತ್ತಿದೆ. 2004ರಲ್ಲಿ ಸಚಿನ್ 194 ಗಳಿಸಿ ಆಡುತ್ತಿದ್ದಾಗ ಹಂಗಾಮಿ ನಾಯಕ ದ್ರಾವಿಡ್ ಇನಿಂಗ್ಸ್ ಡಿಕ್ಲೇರ್ ಮಾಡಿದರು. ಭಾರತ ಆ ಟೆಸ್ಟ್ ಗೆದ್ದಿತು. ನಿರ್ಧಾರ ಸರಿಯೇ ತಪ್ಪೇ ಎಂದು ನಮ್ಮವರು ಇಂದಿಗೂ ಕಚ್ಚಾಡುತ್ತಾರೆ, ಅದು ಇರಲಿ. ತಮಗೆ ನಿರಾಸೆಯಾಯಿತು ಎಂದು ಸಚಿನ್ ಮುಚ್ಚಿಡದೆ ಹೇಳಿದರು. ಹಾಗೆ ಹೇಳಿದ್ದರಿಂದ ಅವರೂ ಚಿಕ್ಕವರಾಗಲಿಲ್ಲ, ದ್ರಾವಿಡ್ ಕೂಡ. ಅಷ್ಟು ದ್ವಿಶತಕ, ಶತಕಗಳಿದ್ದವರಿಗೇ ಆರು ರನ್ ಚುಚ್ಚಿದ್ದರೆ, ಒಂದೂ ಇಲ್ಲದ ಹುಡುಗನಿಗೆ ಆ ಒಂದು ಗಜ ಎಷ್ಟು ಚುಚ್ಚಿರಬೇಡ? ತಂದೆ ಬಹಳ ಹೊತ್ತು ಸುಮ್ಮನಿದ್ದು, ‘ನಾನು ಹೇಳಿದ್ದೂ ಅದನ್ನೇ ಅಲ್ಲವೇ’ ಎಂದರು. ಅಲ್ಲ ಎಂದೆ. ನೀವು ಹೇಳಿದ್ದು ಅವನು ತಪ್ಪು ಮಾಡಿದ ಎಂದು.

ಅವರಿಗೆ ಕೊಟ್ಟ ಸಲಹೆ ಸಣ್ಣದು. ಮಗನ ಬಳಿ ಹೋಗಿ, ‘ನೀನು ಮಾಡಿದ್ದು ಸರಿ. ಆದರೂ ನಿನಗಾಗಿ ನನಗೆ ಹೊಟ್ಟೆ ಉರಿಯಿತು’ ಎನ್ನಿ, ಅಲ್ಲಿಗೆ ನಿಲ್ಲಿಸಿ, ಮೂರನೆಯ ವಾಕ್ಯ ಸೇರಿಸಬೇಡಿ. ಮೂರನೆಯ ವಾಕ್ಯ ಯಾವಾಗಲೂ ‘ಆದರೆ’ಯಿಂದ ಶುರುವಾಗುವ ಮನೆ ಅದು. ತರಬೇತುದಾರರಿಗೆ ಮಿಂಚಂಚೆ ಬರೆಯುವ ಯೋಚನೆಯನ್ನೂ ಕೈಬಿಡಲು ಹೇಳಿದೆ. ಯಾರಿಗೆ ಎಷ್ಟು ಹೊತ್ತು ಆಟ ಎಂಬುದನ್ನು ಅಲ್ಲಿನ ತರಬೇತುದಾರರು ಸಾಮಾನ್ಯವಾಗಿ ಪೋಷಕರೊಂದಿಗೆ ಚರ್ಚಿಸುವುದಿಲ್ಲ. ಆಟಗಾರ ತಾನೇ ಬಂದು ಕೇಳಲಿ ಎಂಬುದು ವಾಡಿಕೆ.

ಹುಡುಗನಿಗೆ ಹೇಳಿದ್ದು ಇಷ್ಟು. ತಂಡ ಬಿಡುವ ಹಕ್ಕು ನಿನ್ನದೇ, ಆದರೆ ಸಿಟ್ಟಿನಲ್ಲಿ ಬಿಡಬೇಡ, ಮೊದಲು ಕೇಳಿ ನೋಡು. ನ್ಯಾಯ ಬೇಕು ಎಂದರೆ ಯಾರೂ ಏನೂ ಕೊಡಲಾರರು, ಕೊಡಲು ಸಾಧ್ಯವಿರುವುದನ್ನು ಕೇಳು. ನಿಮ್ಮ ರಾಜ್ಯದ ನಿಯಮ ದ್ವಿತೀಯಾರ್ಧಕ್ಕೆ ಮಾತ್ರ. ಎರಡನೆಯ ಕ್ವಾರ್ಟರ್‌ನಲ್ಲಿ ಅಂತರ 35 ಆಗಿದ್ದರೂ ಗಡಿಯಾರ ಮಾಮೂಲಿನಂತೆಯೇ ನಡೆಯುತ್ತದೆ. ಪಂದ್ಯ ಕೈಸೇರಿದೆ ಎಂದು ಆಗಲೇ ಗೊತ್ತಾದಾಗ ಹಿಂದಿನ ಸಾಲಿನವರನ್ನು ವಿರಾಮಕ್ಕೆ ಮೊದಲೇ ಇಳಿಸಬಹುದೇ ಎಂದು ಕೇಳು. ಎದುರಾಳಿಗಳಿಗೂ ಅದೇ ಒಳ್ಳೆಯದು. ಮುಖ್ಯ ಆಟಗಾರರು ಏಳು ಟಚ್‌ಡೌನ್ ಹೊಡೆಯುವವರೆಗೆ ಕಾದು, ಎಂಟನೆಯದರ ಹೊತ್ತಿಗೆ ಬೆಂಚಿನ ಹುಡುಗನಿಂದ ಕರುಣೆ ಕೇಳುವ ಪರಿಸ್ಥಿತಿಯೇ ಬರುವುದಿಲ್ಲ. ಜೊತೆಗೆ, ಶನಿವಾರ ಬೆಳಿಗ್ಗೆ ನಡೆಯುವ ಕಿರಿಯರ ತಂಡದ ಪಂದ್ಯಗಳಲ್ಲಿ ಆಡಲು ಅವಕಾಶವಿದೆಯೇ ಎಂದೂ ಕೇಳು. ಚಪ್ಪಾಳೆಯ ವಿಷಯವನ್ನೂ ಹೇಳು ಎಂದೆ. ಅದಕ್ಕೆ ಅವನು ಹಿಂಜರಿದ. ಹೇಳದಿದ್ದರೂ ಪರವಾಗಿಲ್ಲ ಎಂದು ಬಿಟ್ಟೆ.

ಅವನು ತಾನೇ ಹೋಗಿ ಮಾತನಾಡಿದ. ಶನಿವಾರದ ಪಂದ್ಯಗಳಿಗೆ ತರಬೇತುದಾರರು ತಕ್ಷಣ ಒಪ್ಪಿದರು. ಎರಡನೆಯ ಕ್ವಾರ್ಟರ್ ಬಗ್ಗೆ ಮಾತು ಕೊಡಲಾರೆ, ಪಂದ್ಯ ನೋಡಿ ಹೇಳುತ್ತೇನೆ ಎಂದರು. ಆ ಮೇಲಿನ ಒಂದು ಪಂದ್ಯದಲ್ಲಿ ವಿರಾಮಕ್ಕೆ ಮೊದಲೇ ಇಳಿಸಿದ್ದಾರೆ, ಇನ್ನೊಂದರಲ್ಲಿ ಇಲ್ಲ. ತಂದೆ ಆ ಎರಡು ವಾಕ್ಯಗಳನ್ನು ಹೇಳಿದರಂತೆ. ಮೂರನೆಯದನ್ನೂ ಸೇರಿಸಿದರೆಂದು ತಾಯಿ ನಕ್ಕು ತಿಳಿಸಿದರು. ಊಟಕ್ಕೆ ಮಾತ್ರ ಈಗ ಎಲ್ಲರೂ ಒಟ್ಟಿಗೆ ಕೂರುತ್ತಿದ್ದಾರೆ. ಸೀಸನ್ ಮುಗಿಯುವವರೆಗೆ ತಂಡದಲ್ಲಿರುತ್ತೇನೆ, ಮುಂದಿನ ವರ್ಷದ ಮಾತು ಈಗ ಬೇಡ ಎಂದು ಹುಡುಗ ಹೇಳಿದ್ದಾನೆ. ಅದನ್ನು ಕೆದಕಬೇಡಿ ಎಂದು ಮನೆಯವರಿಗೆ ತಿಳಿಸಿದ್ದೇನೆ.