ವೇಗವಾಗಿ ಓಡಿದರೂ ಸದ್ದು ಮಾಡದ ಮೋಟರ್ ಬೋಟ್ ಸಿಗುತ್ತದೆಯೇ?

ಮುನಿರಾಬಾದ್ ಕಡೆಯ ತುಂಗಭದ್ರಾ ಹಿನ್ನೀರಿನಲ್ಲಿ ಹಕ್ಕಿ ನೋಡಲು ಇಂಥ ಬೋಟ್ ಬೇಕೆಂದು ಕೇಳಿದ್ದೀರಿ. ಪೂರ್ತಿ ನಿಶ್ಶಬ್ದವಾಗಿ ಜೋರಾಗಿ ಓಡುವ ಬೋಟ್ ಇಲ್ಲ. ಹತ್ತಿರ ಬರುವುದೆಂದರೆ ಹಗುರ ಬೋಟು, ಅದರ ಹಿಂಬದಿಗೆ ಬಿಗಿಯುವ ಫೋರ್ ಸ್ಟ್ರೋಕ್ ಪೆಟ್ರೋಲ್ ಎಂಜಿನ್.

ಅಡ್ಡಿ ಇರುವುದು ನೀರಿನ ತಡೆಯಲ್ಲಿ. ನೀರು ಸೀಳಿಕೊಂಡು ಹೋಗುವ ಬೋಟಿನ ವೇಗ ದುಪ್ಪಟ್ಟಾಗಬೇಕಾದರೆ ಹೆಚ್ಚುಕಡಿಮೆ 8 ಪಟ್ಟು ಶಕ್ತಿ ಬೇಕು. ಬ್ಯಾಟರಿ ಮೋಟರ್ ಹೆಚ್ಚು ಸದ್ದು ಮಾಡುವುದಿಲ್ಲ ನಿಜ, ಆದರೆ ಜೋರು ಓಡಿಸಿದರೆ ಚಾರ್ಜ್ ಬೇಗ ಖಾಲಿ. ಹಿನ್ನೀರಿನ ನಡುವೆ ಎದುರುಗಾಳಿಗೆ ಸಿಕ್ಕಿಕೊಂಡು ಹುಟ್ಟು ಹಾಕುವ ಪಾಡು ಬೇಡ.

ಟೂ ಸ್ಟ್ರೋಕ್ ಎಂಜಿನ್‌ನಲ್ಲಿ ಪ್ರತಿ ಸುತ್ತಿಗೂ ಇಂಧನ ಸಿಡಿಯುತ್ತದೆ, ಫೋರ್ ಸ್ಟ್ರೋಕ್‌ನಲ್ಲಿ ಎರಡು ಸುತ್ತಿಗೊಮ್ಮೆ. ಹಾಗಾಗಿ ಕಿವಿಗೆ ಹಿತ. ಹೊಗೆ ಪ್ರೊಪೆಲ್ಲರ್ ನಡುವಿನಿಂದ ನೀರೊಳಗೆ ಹೋಗುವ ಮಾದರಿಯನ್ನೇ ಕೇಳಿ, ಅರ್ಧ ಗಲಾಟೆಯನ್ನು ನೀರೇ ನುಂಗುತ್ತದೆ.

ಹಳೆಯದನ್ನು ಕೊಳ್ಳುವಿರಾದರೆ ಎಂಜಿನ್ ನಿಲ್ಲಿಸಿ ಪ್ರೊಪೆಲ್ಲರ್ ಅಂಚಿನ ಮೇಲೆ ಬೆರಳಾಡಿಸಿ ನೋಡಿ. ಕಲ್ಲಿಗೆ ಬಡಿದು ಅದರ ಒಂದು ಅಲಗು ಸೊಟ್ಟಗಾಗಿದ್ದರೂ ಇಡೀ ಬೋಟು ಗುಂಯ್‌ಗುಡುತ್ತದೆ. ಆಮೇಲೆ ಅರ್ಧ ವೇಗದಲ್ಲಿ ಓಡಿಸಿ, ಹಿಂದೆ ಕೂತವರೊಡನೆ ಮಾಮೂಲಿ ದನಿಯಲ್ಲಿ ಮಾತಾಡಿ. ಕೂಗಬೇಕಾಗಿ ಬಂದರೆ ಅದನ್ನು ಬಿಡಿ.

ಹಕ್ಕಿಗಳ ಹಿಂಡು ಕಂಡಾಗಲಂತೂ ದೂರದಲ್ಲೇ ಎಂಜಿನ್ ಆರಿಸಿ ಹುಟ್ಟು ಹಾಕಿಯೇ ಹೋಗಬೇಕು. ಅಣೆಕಟ್ಟಿನ ಕೆಳಗೆ, ಮುದ್ಲಾಪುರದಿಂದ ಕಂಪ್ಲಿವರೆಗಿನ ನದಿ 2015ರಿಂದ ನೀರುನಾಯಿ ಸಂರಕ್ಷಣಾ ಮೀಸಲು. ಅಲ್ಲಿ ಮೋಟರ್ ಇಳಿಸುವ ಮುಂಚೆ ಅರಣ್ಯ ಇಲಾಖೆಯವರನ್ನು ಕೇಳಿ.