ಶೇಕಡಾವಾರು ಭರವಸೆ ಕೊಡಬೇಡಿ

ಜೈಲಿನಿಂದ ಹೊರಬಂದವರಿಗೆ ಕೆಲಸ, ಮನೆ ಹುಡುಕಿಕೊಡುವ ನಿಮ್ಮ ಸಣ್ಣ ತಂಡ ಸರ್ಕಾರದ ಅನುದಾನಕ್ಕೆ ಅರ್ಜಿ ಹಾಕುತ್ತಿದೆ, ‘ಫಲಿತಾಂಶವನ್ನು ಹೇಗೆ ಅಳೆಯುತ್ತೀರಿ’ ಅನ್ನುವ ಕಡೆ ಏನು ಬರೆಯುವುದು ಅಂತ ಕೇಳಿದ್ದೀರಿ ಅಲ್ವಾ?

‘ಅಪರಾಧ ಇಷ್ಟು ಶೇಕಡಾ ಇಳಿಸುತ್ತೇವೆ’ ಅಂತ ಮಾತ್ರ ಬರೆಯಬೇಡಿ. ನಿಮ್ಮ ಹತ್ತಿರ ಬರುವವರು ಮೂವತ್ತು ನಲವತ್ತು ಜನ ಅಂದುಕೊಳ್ಳಿ, ಇಬ್ಬರು ಮತ್ತೆ ಸಿಕ್ಕಿಬಿದ್ದರೂ ಲೆಕ್ಕ ತಲೆಕೆಳಗಾಗುತ್ತದೆ. ಜೊತೆಗೆ, ತಾವಾಗಿಯೇ ಸಹಾಯ ಕೇಳಿ ಬರುವವರಲ್ಲಿ ಎಷ್ಟೋ ಜನ ಬದಲಾಗಲು ಮೊದಲೇ ಮನಸ್ಸು ಮಾಡಿರುತ್ತಾರೆ, ಅದು ನಿಮ್ಮಿಂದಲೇ ಆಯಿತು ಅಂತ ಹೇಳುವುದು ಕಷ್ಟ.

ಇಂಗ್ಲೆಂಡಿನ ಪೀಟರ್‌ಬರೋ ಜೈಲಿನಲ್ಲಿ 2010ರಲ್ಲಿ ಶುರುವಾದ ಯೋಜನೆ ಇದಕ್ಕೆ ಒಳ್ಳೆಯ ಉದಾಹರಣೆ. 12 ತಿಂಗಳಿಗಿಂತ ಕಡಿಮೆ ಶಿಕ್ಷೆಯಾದವರಿಗೆ ಹೊರಬಂದ ಮೇಲೂ ನೆರವು ಕೊಟ್ಟರು. ಮೊದಲು ದುಡ್ಡು ಹಾಕಿದ್ದು ಖಾಸಗಿ ಹೂಡಿಕೆದಾರರು. ಮತ್ತೆ ಅಪರಾಧ ಮಾಡುವುದು ಕಡಿಮೆಯಾದರೆ ಮಾತ್ರ ಅವರಿಗೆ ವಾಪಸ್. ಕೊನೆಗೆ ಇಳಿಕೆ ಶೇ. 9 ಅಂತ ಬಂತು, ಆದರೆ ಅದನ್ನು ಹೇಳಲು ಬೇರೆ ಜೈಲುಗಳ ಅಂಥದ್ದೇ ಕೈದಿಗಳ ಜೊತೆ ಹೋಲಿಸಬೇಕಾಯಿತು. ಸಣ್ಣ ತಂಡಕ್ಕೆ ಅದೆಲ್ಲ ಆಗದ ಮಾತು.

ನೀವು ಎಣಿಸಬಹುದಾದದ್ದನ್ನು ಬರೆಯಿರಿ: ಮೊದಲ ವಾರ ಎಷ್ಟು ಜನರಿಗೆ ಮಲಗಲು ಜಾಗ ಸಿಕ್ಕಿತು, ಆರು ತಿಂಗಳ ಮೇಲೂ ಎಷ್ಟು ಜನ ಕೆಲಸದಲ್ಲಿದ್ದಾರೆ, ನಡುವೆ ಬಿಟ್ಟುಹೋದವರು ಎಷ್ಟು. ಬಿಟ್ಟುಹೋದವರ ಲೆಕ್ಕ ಮುಚ್ಚಿಡಬೇಡಿ, ಅದಿದ್ದರೇ ಉಳಿದದ್ದನ್ನು ನಂಬುತ್ತಾರೆ. ಹಾಂ, ದುಡ್ಡು ಮುಂಗಡವಾಗಿ ಬರುತ್ತದೋ ಖರ್ಚಾದ ಮೇಲೋ ಅಂತ ಈಗಲೇ ಕೇಳಿಬಿಡಿ.